16 ಮೆಗಾಹರ್ಟ್ಸ್ ಕ್ರಿಸ್ಟಲ್‌ಗೆ ಕಣ್ಣು ಮುಚ್ಚಿ 22 ಪಿಎಫ್ ಹಾಕಬಹುದಾ?

ಗಡಿಯಾರಪ್ರಿಯ: ಎಟಿಮೆಗಾ 328ಪಿ ಮೈಕ್ರೋಕಂಟ್ರೋಲರ್ ಚಿಪ್ ಇಟ್ಟುಕೊಂಡು ಗಡಿಯಾರ ಮಾಡುತ್ತಿದ್ದೇನೆ. ಚಿಪ್‌ಗೆ ತಾಳ ಕೊಡಲು 16 ಮೆಗಾಹರ್ಟ್ಸ್ ಕ್ರಿಸ್ಟಲ್, ಅದರ ಎರಡೂ ಕಾಲಿನಿಂದ ಗ್ರೌಂಡಿಗೆ 22 ಪಿಎಫ್ (ಪಿಕೋಫ್ಯಾರಡ್) ಕೆಪಾಸಿಟರ್. ಎಲ್ಲ ಚೆನ್ನಾಗಿ ನಡೆಯುತ್ತಿದೆ, ಆದರೆ ದಿನಕ್ಕೆ ಸುಮಾರು 6 ಸೆಕೆಂಡ್ ಮುಂದೆ ಓಡುತ್ತದೆ. ಕ್ರಿಸ್ಟಲ್‌ನ ಡೇಟಾಶೀಟ್‌ನಲ್ಲಿ ±20 ಪಿಪಿಎಂ (ಹತ್ತು ಲಕ್ಷಕ್ಕೆ 20ರಷ್ಟು ತಪ್ಪು), ಲೋಡ್ ಕೆಪಾಸಿಟೆನ್ಸ್ 20 ಪಿಎಫ್ ಅಂತ ಇದೆ. 20ಕ್ಕೆ 22 ಹತ್ತಿರವೇ ಅಲ್ವಾ?

ಬೆಸುಗೆ: ಎಲ್ಲ ಸರ್ಕ್ಯೂಟ್‌ನಲ್ಲೂ 22 ಪಿಎಫ್ ಇರುತ್ತದೆ, ಎಲ್ಲವೂ ನಡೆಯುತ್ತವೆ. ಕೆಪಾಸಿಟರ್ ಹಿಂದೆ ಬೀಳಬೇಡಿ. ಪ್ರೋಗ್ರಾಂನಲ್ಲಿ ಪ್ರತಿ 14,400 ಸೆಕೆಂಡಿಗೆ ಒಂದು ಸೆಕೆಂಡ್ ಕಳೆದುಬಿಡಿ. ಮುಗಿಯಿತು.

ತರಂಗ: ನಡೆಯುವುದು ಬೇರೆ, ಸರಿಯಾದ ಫ್ರೀಕ್ವೆನ್ಸಿಯಲ್ಲಿ ನಡೆಯುವುದು ಬೇರೆ. ಡೇಟಾಶೀಟ್‌ನ ಆ 20 ಪಿಎಫ್ ಒಂದೊಂದು ಕೆಪಾಸಿಟರ್‌ನ ಬೆಲೆಯಲ್ಲ. ಕ್ರಿಸ್ಟಲ್‌ಗೆ ಒಟ್ಟಾರೆ ಕಾಣಬೇಕಾದ ಲೋಡ್ ಅದು. ಕ್ರಿಸ್ಟಲ್ ಕಡೆಯಿಂದ ನೋಡಿದರೆ ನಿಮ್ಮ ಎರಡು ಕೆಪಾಸಿಟರ್‌ಗಳು ಸೀರೀಸ್‌ನಲ್ಲಿವೆ. ಹಾಗಾಗಿ 22 ಮತ್ತು 22 ಸೇರಿ 11 ಆಗುತ್ತದೆ. ಚಿಪ್ ಪಿನ್, ಬೋರ್ಡಿನ ಟ್ರ್ಯಾಕ್ ಸೇರಿ ಸ್ಟ್ರೇ, ಅಂದರೆ ನಾವು ಹಾಕದೆಯೂ ತಾನಾಗಿ ಸೇರುವ ಕೆಪಾಸಿಟೆನ್ಸ್, ಇನ್ನೊಂದು 4 ಪಿಎಫ್ ಅಂತಿಟ್ಟುಕೊಳ್ಳಿ. ಒಟ್ಟು 15. ಬೇಕಾಗಿದ್ದದ್ದು 20. ಲೋಡ್ ಕಡಿಮೆಯಾದರೆ ಕ್ರಿಸ್ಟಲ್ ಜೋರಾಗಿ ಓಡುತ್ತದೆ.

ದಿನಕ್ಕೆ 6 ಸೆಕೆಂಡ್ ಅಂದರೆ ಸುಮಾರು 70 ಪಿಪಿಎಂ. ±20 ಪಿಪಿಎಂ ಅಂದರೆ ದಿನಕ್ಕೆ 1.7 ಸೆಕೆಂಡ್ ಮಾತ್ರ. ಉಳಿದದ್ದನ್ನು ಕ್ರಿಸ್ಟಲ್ ಮೇಲೆ ಹೊರಿಸಲು ಆಗುವುದಿಲ್ಲ. ಲೆಕ್ಕ ಹೀಗೆ: 20ರಲ್ಲಿ 4 ಕಳೆಯಿರಿ, ಬಂದ 16ನ್ನು ಎರಡರಿಂದ ಗುಣಿಸಿ. 32. ಹತ್ತಿರದ ಬೆಲೆ 33 ಪಿಎಫ್.

ಬೆಸುಗೆ: ಆದರೆ ಆ ಚಿಪ್‌ನ ಡೇಟಾಶೀಟ್ 12ರಿಂದ 22 ಪಿಎಫ್ ಒಳಗೇ ಹಾಕಿ ಅನ್ನುತ್ತದೆ. 33 ಹಾಕಿದರೆ ಕ್ರಿಸ್ಟಲನ್ನು ಓಡಿಸುವ ಒಳಗಿನ ಆಂಪ್ಲಿಫೈಯರ್‌ಗೆ ಭಾರ ಜಾಸ್ತಿ. ಒಂದು ದಿನ ಪವರ್ ಕೊಟ್ಟಾಗ ಆಸಿಲೇಟರ್ ಶುರುವಾಗದೇ ಇದ್ದರೆ? 6 ಸೆಕೆಂಡ್ ತಪ್ಪುವ ಗಡಿಯಾರ ನಿಂತ ಗಡಿಯಾರಕ್ಕಿಂತ ಎಷ್ಟೋ ಮೇಲು. ಇನ್ನು ಸೀರಿಯಲ್ ಪೋರ್ಟ್‌ಗೆ ಶೇಕಡಾ 2ರಷ್ಟು ವ್ಯತ್ಯಾಸವೂ ನಡೆಯುತ್ತದೆ, ಅದು 20,000 ಪಿಪಿಎಂ. ಹೆಚ್ಚಿನವರ ಕೆಲಸಕ್ಕೆ ಈ ಲೆಕ್ಕವೇ ಬೇಡ.

ತರಂಗ: ಸೀರಿಯಲ್ ಪೋರ್ಟ್ ವಿಷಯ ಒಪ್ಪುತ್ತೇನೆ. 33ರ ಬಗ್ಗೆ ನೀವು ಹೇಳಿದ್ದೂ ಸರಿ. ಹಾಗಾದರೆ ಬದಲಿಸಬೇಕಾದದ್ದು ಕ್ರಿಸ್ಟಲನ್ನೇ. ನಾವೆಲ್ಲ ಕ್ರಿಸ್ಟಲ್ ಕೊಳ್ಳುವಾಗ ಫ್ರೀಕ್ವೆನ್ಸಿ ಮಾತ್ರ ನೋಡುತ್ತೇವೆ, ಲೋಡ್ ನೋಡುವುದೇ ಇಲ್ಲ. 12 ಪಿಎಫ್ ಲೋಡ್‌ನ ಕ್ರಿಸ್ಟಲ್ ತೆಗೆದುಕೊಂಡರೆ 15 ಅಥವಾ 16 ಪಿಎಫ್ ಕೆಪಾಸಿಟರ್ ಸಾಕು. ಚಿಪ್ ಹೇಳಿದ ಮಿತಿಯೊಳಗೇ ಇರುತ್ತದೆ.

ಸಣ್ಣಟ್ರಿಮ್ಮರ್: ಒಂದು ಎಚ್ಚರ. ಲೋಡ್ ಕಡಿಮೆ ಇರುವ ಕ್ರಿಸ್ಟಲ್‌ಗೆ ಸ್ಟ್ರೇ ಹೆಚ್ಚುಕಡಿಮೆಯಾದರೆ ಪೆಟ್ಟು ಜೋರು. ಸಾಮಾನ್ಯ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ 20 ಪಿಎಫ್ ಲೋಡ್ ಹತ್ತಿರ ಒಂದು ಪಿಎಫ್ ತಪ್ಪಿದರೆ ಹತ್ತು-ಹದಿನೈದು ಪಿಪಿಎಂ ಜಾರಬಹುದು. 12ರ ಹತ್ತಿರ ಅದೇ ಒಂದು ಪಿಎಫ್‌ಗೆ ಮೂವತ್ತರ ಆಸುಪಾಸು. ತರಂಗ ಅವರ 4 ಪಿಎಫ್ ಕೂಡ ಅಂದಾಜು ತಾನೇ? ನಾನಾದರೆ ಒಂದು ಕಡೆ ಟ್ರಿಮ್ಮರ್ (ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದಾದ ಕೆಪಾಸಿಟರ್) ಹಾಕುತ್ತೇನೆ.

ಗಡಿಯಾರಪ್ರಿಯ: ಟ್ರಿಮ್ಮರ್ ತಿರುಗಿಸುತ್ತಾ ಆಸಿಲೋಸ್ಕೋಪ್‌ನಲ್ಲಿ ಕ್ರಿಸ್ಟಲ್ ಕಾಲನ್ನೇ ನೋಡಬಹುದಾ?

ಸಣ್ಣಟ್ರಿಮ್ಮರ್: ಬೇಡವೇ ಬೇಡ. ಸಿಗ್ನಲನ್ನು 10 ಪಟ್ಟು ತಗ್ಗಿಸುವ ಪ್ರೋಬ್ ಕೂಡ ಹತ್ತು ಪಿಎಫ್‌ಗಿಂತ ಜಾಸ್ತಿ ಸೇರಿಸುತ್ತದೆ. ಮುಟ್ಟಿದ ತಕ್ಷಣ ಫ್ರೀಕ್ವೆನ್ಸಿ ಇಳಿಯುತ್ತದೆ, ನೀವು ಅಳೆಯುವುದು ಪ್ರೋಬ್ ಸೇರಿದ ಸರ್ಕ್ಯೂಟನ್ನು. ಈ ಚಿಪ್‌ನಲ್ಲಿ ಒಂದು ಫ್ಯೂಸ್ (ಚಿಪ್ ಒಳಗಿನ ಸೆಟ್ಟಿಂಗ್ ಬಿಟ್) ಬದಲಿಸಿದರೆ ಪಿಬಿ0 ಪಿನ್‌ನಲ್ಲಿ ಕ್ಲಾಕ್ ಹೊರಗೆ ಬರುತ್ತದೆ. ಅಲ್ಲಿ ಒಳ್ಳೆಯ ಫ್ರೀಕ್ವೆನ್ಸಿ ಕೌಂಟರ್ ಇಟ್ಟು ಅಳೆಯಿರಿ. ಕೌಂಟರ್ ಇಲ್ಲದಿದ್ದರೆ ವಾರವಿಡೀ ಓಡಿಸಿ ಇಂಟರ್ನೆಟ್ ಸಮಯದ ಜೊತೆ ಹೋಲಿಸಿ. ದಿನಕ್ಕೆ 0.0864 ಸೆಕೆಂಡ್ ವ್ಯತ್ಯಾಸ ಅಂದರೆ 1 ಪಿಪಿಎಂ.

ಬೆಸುಗೆ: ಇಷ್ಟೆಲ್ಲ ಮಾಡುವ ಬದಲು ಡಿಎಸ್3231 ಅನ್ನುವ ಗಡಿಯಾರ ಚಿಪ್ ಹಾಕಿ. ಕ್ರಿಸ್ಟಲ್ ಒಳಗೇ ಇದೆ, ತಾಪಮಾನಕ್ಕೆ ತಕ್ಕಂತೆ ತಾನೇ ಸರಿಪಡಿಸಿಕೊಳ್ಳುತ್ತದೆ.

ತರಂಗ: ಗಡಿಯಾರವೊಂದೇ ಬೇಕಿದ್ದರೆ ಅದು ಒಳ್ಳೆಯ ದಾರಿಯೇ. ಆದರೆ ಕೇಳಿದವರಿಗೆ ಯಾಕೆ ಹೀಗಾಯಿತು ಅಂತ ಗೊತ್ತಾಗಬೇಕಲ್ಲ. ಮುಂದಿನ ಬೋರ್ಡ್‌ನಲ್ಲೂ ಇದೇ ಪ್ರಶ್ನೆ ಬರುತ್ತದೆ. ಇನ್ನೊಂದು, ಕೆಪಾಸಿಟರ್ ಸಿ0ಜಿ ಅಥವಾ ಎನ್‌ಪಿ0 ಜಾತಿಯದ್ದೇ (ತಾಪಮಾನ ಬದಲಾದರೂ ಹೆಚ್ಚು ಜಾರದ್ದು) ಇರಲಿ. ಮೇಲೆ 220 ಅಂತ ಬರೆದಿದ್ದರೆ ಅದು 22 ಪಿಎಫ್, 221 ಅಂದರೆ 220 ಪಿಎಫ್. ಎರಡೂ ಕೆಪಾಸಿಟರ್‌ಗಳ ಗ್ರೌಂಡನ್ನು ಚಿಪ್‌ನ ಗ್ರೌಂಡ್ ಪಿನ್‌ಗೆ ಗಿಡ್ಡ ದಾರಿಯಲ್ಲೇ ಕೂಡಿಸಿ.

ಗಡಿಯಾರಪ್ರಿಯ: ಸರಿ, 12 ಪಿಎಫ್ ಲೋಡ್‌ನ ಕ್ರಿಸ್ಟಲ್ ತರಿಸುತ್ತೇನೆ. ಒಂದು ಕಡೆ 15 ಪಿಎಫ್, ಇನ್ನೊಂದು ಕಡೆ 5ರಿಂದ 20 ಪಿಎಫ್ ಟ್ರಿಮ್ಮರ್. ಅದು ಬರುವ ತನಕ ಪ್ರೋಗ್ರಾಂನಲ್ಲಿ ಸೆಕೆಂಡ್ ಕಳೆಯುತ್ತಿರುತ್ತೇನೆ.