ಡಾಕ್ಯುಮೆಂಟರಿಯಲ್ಲಿ ಕಾಣಿಸೋರ ಒಪ್ಪಿಗೆ: ಯಾರದ್ದು ಬೇಕು, ಹೇಗೆ ತಗೋಬೇಕು?

ಕಬ್ಬಿನಹಾಲು:
ಮಂಡ್ಯ ಕಡೆಯ ಒಂದು ಆಲೆಮನೆ ಬಗ್ಗೆ 20 ನಿಮಿಷದ ಡಾಕ್ಯುಮೆಂಟರಿ ಮಾಡ್ತಿದ್ದೀವಿ. ಯೂಟ್ಯೂಬ್‌ಗೆ ಹಾಕಬೇಕು, ಒಂದೆರಡು ಚಿತ್ರೋತ್ಸವಕ್ಕೂ ಕಳಿಸಬೇಕು. ಯಜಮಾನರು "ಏನ್ ಬೇಕಾದ್ರೂ ತಕ್ಕೊಳಿ, ಎಲ್ಲಾ ನಮ್ಮ ಹುಡುಗ್ರೇ" ಅಂದಿದ್ದಾರೆ. ಗಾಣಕ್ಕೆ ಕಬ್ಬು ಕೊಡೋರು, ಕೊಪ್ಪರಿಗೆ ನೋಡ್ಕೊಳ್ಳೋರು, ಒಲೆಗೆ ಉರಿ ಹಾಕೋರು ಸೇರಿ 9 ಜನ. ಮೂವರು ಹಿಂದಿಯವರು, ಇಬ್ಬರಿಗೆ ಸಹಿ ಬರಲ್ಲ. ಯಜಮಾನರ ಒಂದು ಪತ್ರ ಸಾಕಾ? ಸಂತೆಯಲ್ಲಿ ಬೆಲ್ಲ ಮಾರೋ ದೃಶ್ಯನೂ ಇದೆ, ಅಲ್ಲಿರೋರನ್ನೆಲ್ಲ ಕೇಳೋಕಾಗುತ್ತಾ? ಮಕ್ಕಳೂ ಓಡಾಡ್ತಿರ್ತಾರೆ.

ಟ್ರೈಪಾಡ್:
ಸಾಲಲ್ಲ. ಯಜಮಾನರ ಪತ್ರ ಜಾಗಕ್ಕೆ ಮಾತ್ರ. ಕೆಲಸದವರ ಮುಖಕ್ಕೆ, ಮಾತಿಗೆ ಅವರು ಒಪ್ಪಿಗೆ ಕೊಡೋಕೆ ಬರಲ್ಲ. ಯಜಮಾನರೆದುರಿಗೇ ಕೇಳಿದರೆ ಎಲ್ಲರೂ ಹೂಂ ಅಂತಾರೆ, ಆ ಹೂಂ ಲೆಕ್ಕಕ್ಕಿಲ್ಲ. ಟೀ ಹೊತ್ತಲ್ಲಿ ಒಬ್ಬೊಬ್ಬರನ್ನೇ ಕೇಳಿ. "ಬೇಡ ಅಂದ್ರೂ ಪರವಾಗಿಲ್ಲ, ನಿಮ್ಮ ಕೂಲಿಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಬಾಯಿಬಿಟ್ಟು ಹೇಳಿ.

ಪತ್ರ ಒಂದೇ ಪುಟ ಇರಲಿ. ಚಿತ್ರದ ವಿಷಯ, ಚಿತ್ರೀಕರಣದ ದಿನ, ಎಲ್ಲೆಲ್ಲಿ ತೋರಿಸ್ತೀರಿ, ಎಡಿಟ್ ಮಾಡೋ ಹಕ್ಕು, ನಿಮ್ಮ ಫೋನ್ ನಂಬರ್, ಇಷ್ಟು ಸಾಕು. ಯೂಟ್ಯೂಬ್, ಚಿತ್ರೋತ್ಸವ, ರೀಲ್ಸ್, ಜಾಹೀರಾತು, ಒಂದೊಂದಕ್ಕೂ ಬೇರೆ ಚೌಕ ಇಟ್ಟು ಟಿಕ್ ಹಾಕಿಸಿ. ಹಿಂದಿಯವರಿಗೆ ಹಿಂದಿಯಲ್ಲೇ ಪತ್ರ. ಪ್ರತಿಯೊಬ್ಬರಿಗೂ ಎರಡು ಪ್ರತಿ, ಒಂದು ಅವರ ಕೈಗೆ.

ಹೆಬ್ಬೆಟ್ಟಿನದು ಬೇರೆ ಕೆಲಸ. ಬೆಲ್ಲದ ಅಂಟು, ಮಸಿ ಇರೋ ಕೈ. ಮೊದಲು ತೊಳೆದು ಒರೆಸಿಕೊಳ್ಳಲಿ. ಪ್ಯಾಡ್ ಮೇಲೆ ಎಡಗೈ ಹೆಬ್ಬೆರಳನ್ನ ಹಗುರಾಗಿ ಮುಟ್ಟಿಸಿ, ಕಾಗದದ ಮೇಲೆ ಉಗುರಿನ ಒಂದಂಚಿಂದ ಇನ್ನೊಂದಂಚಿಗೆ ಒಂದೇ ಸಲ ಹೊರಳಿಸಿ. ಒತ್ತಿ ಹಿಡಿದರೆ ಗೆರೆಗಳೆಲ್ಲ ಕೂಡಿಕೊಂಡು ಬರೀ ಕಲೆ ಆಗುತ್ತೆ. ಪಕ್ಕದಲ್ಲಿ "ಇದು ಇಂಥವರ ಎಡಗೈ ಹೆಬ್ಬೆರಳ ಗುರುತು, ಓದಿ ತಿಳಿಸಲಾಗಿದೆ" ಅಂತ ಬರೆದು, ಓದಿ ಹೇಳಿದವರಿಂದ ಸಾಕ್ಷಿ ಸಹಿ ಹಾಕಿಸಿ. ಸಾಕ್ಷಿ ಯಜಮಾನರೂ ಆಗಬಾರದು, ನಿಮ್ಮ ತಂಡದವರೂ ಆಗಬಾರದು.

ಪತ್ರಗಳಿಗೆ 1ರಿಂದ 9 ನಂಬರ್ ಕೊಡಿ. ಪ್ರತಿಯೊಬ್ಬರೂ ತಮ್ಮ ಪತ್ರ ಹಿಡಿದು ಹೆಸರು ಹೇಳೋ 5 ಸೆಕೆಂಡಿನ ಕ್ಲಿಪ್ ತೆಗೆದಿಡಿ. ಇದನ್ನ ಬಿಟ್ಟವರು ನಾಲ್ಕು ತಿಂಗಳಾದ ಮೇಲೆ ಎಡಿಟ್‌ಗೆ ಕೂತಾಗ ಯಾವ ಹೆಸರು ಯಾವ ಮುಖದ್ದು ಅಂತ ತಲೆ ಕೆಡಿಸ್ಕೋತಾರೆ.

ಕರಿಕೋಟು:
ಟ್ರೈಪಾಡ್ ಹೇಳಿದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸ್ತೀನಿ. 1872ರ ಕರಾರು ಕಾಯ್ದೆಯ 25ನೇ ಕಲಂ ಪ್ರಕಾರ ಪ್ರತಿಫಲ ಇಲ್ಲದ ಕರಾರು, ಕೆಲವು ವಿನಾಯಿತಿ ಬಿಟ್ಟರೆ, ಶೂನ್ಯ, ಅಂದ್ರೆ ಕಾನೂನಿನಲ್ಲಿ ನಿಲ್ಲಲ್ಲ. ಅದಕ್ಕೇ ಕೆಲವರು 100 ರೂಪಾಯಿ ಕೊಟ್ಟು ರಸೀದಿ ಬರೆಸ್ಕೋತಾರೆ. ಅಭಿನಯಿಸೋರಿಗೆ ಅದು ಸರಿ. ಸಂದರ್ಶನಕ್ಕೆ ನನಗೆ ಒಪ್ಪಿಗೆಯಿಲ್ಲ, ದುಡ್ಡು ಕೊಟ್ಟು ಹೇಳಿಸಿದ ಮಾತು ಅಂತ ಆಮೇಲೆ ಯಾರಾದರೂ ಬೆರಳು ತೋರಿಸ್ತಾರೆ. ಅಲ್ಲಿ ಪತ್ರವನ್ನ ಕರಾರು ಅಂದ್ಕೋಬೇಡಿ, ತಿಳಿದು ಕೊಟ್ಟ ಒಪ್ಪಿಗೆಯ ದಾಖಲೆ ಅಂತ ಇಟ್ಕೊಳ್ಳಿ.

ಸಂತೆ ವಿಚಾರ. ಸಾರ್ವಜನಿಕ ಜಾಗದಲ್ಲಿದ್ದ ಮಾತ್ರಕ್ಕೆ ಖಾಸಗಿತನ ಪೂರ್ತಿ ಹೋಗಲ್ಲ ಅಂತ ಖಾಸಗಿತನ ಮೂಲಭೂತ ಹಕ್ಕು ಅಂದ ಸುಪ್ರೀಂ ಕೋರ್ಟಿನ 2017ರ ಪುಟ್ಟಸ್ವಾಮಿ ತೀರ್ಪಿನಲ್ಲೇ ಇದೆ (ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ). ಜನಜಂಗುಳಿಯ ವೈಡ್ ಶಾಟ್‌ಗೆ ಎಲ್ಲರನ್ನೂ ಕೇಳೋ ವಾಡಿಕೆ ಇಲ್ಲ. ಆದರೆ ಒಬ್ಬರ ಮುಖಕ್ಕೆ ಕ್ಲೋಸಪ್ ಹೋದಿರಿ, ಚೌಕಾಸಿ ಮಾತು ಸ್ಪಷ್ಟವಾಗಿ ಕೇಳಿಸ್ತು ಅಂದ್ರೆ ಕೇಳಲೇಬೇಕು. ಶಾಟ್ ಆದ ತಕ್ಷಣ ಹೋಗಿ ಕೇಳಿ, ಬೇಡ ಅಂದ್ರೆ ಅವರೆದುರಿಗೇ ಕ್ಲಿಪ್ ಅಳಿಸಿ.

ಮಕ್ಕಳು ಅಂದ್ರೆ 18 ತುಂಬದವರು. ತಂದೆ ಅಥವಾ ತಾಯಿ ಸಹಿ ಬೇಕು, ಪಕ್ಕದ ಮನೆ ಅಜ್ಜಿಯದ್ದು ನಡೆಯಲ್ಲ. ಅಪ್ಪ ಒಪ್ಪಿದರೂ ಮಗು ಬೇಡ ಅಂದ್ರೆ ಬಿಟ್ಟುಬಿಡಿ. ಆಲೆಮನೆಯಲ್ಲಿ ಕೆಲಸ ಮಾಡ್ತಿರೋ ಮಗು ಕಣ್ಣಿಗೆ ಬಿದ್ದರೆ ಸಹಿ ಇದ್ದರೂ ಮುಖ ತೋರಿಸಬೇಡಿ. ನಾಳೆ ಅದು ವಿಚಾರಣೆಗೆ ಹೋದರೆ ಅಂಥ ಮಗುವಿನ ಗುರುತು ಬಯಲು ಮಾಡಬಾರದು ಅನ್ನೋ 2015ರ ಬಾಲನ್ಯಾಯ ಕಾಯ್ದೆಯ 74ನೇ ಕಲಂ ಅಡ್ಡ ಬರುತ್ತೆ.

ಕಬ್ಬಿನಹಾಲು:
ಧನ್ಯವಾದ ಸರ್. ಚಿತ್ರ ಹಾಕಿದ ಮೇಲೆ ಯಾರಾದರೂ "ನನ್ನದು ತೆಗೀರಿ" ಅಂದ್ರೆ?

ಕರಿಕೋಟು:
ಅದನ್ನ ಪತ್ರದಲ್ಲೇ ಬರೆಯಿರಿ: ಅಂತಿಮ ಎಡಿಟ್‌ವರೆಗೆ ಕಾರಣ ಕೇಳದೆ ತೆಗೀತೀವಿ, ಆಮೇಲೆ ಆದಷ್ಟು ಮಟ್ಟಿಗೆ ಮುಖ ಮಸುಕು ಮಾಡ್ತೀವಿ ಅಂತ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲೂ ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಹಿಂತೆಗೆದುಕೊಳ್ಳೋಕೆ ಬರಬೇಕು ಅಂತಿದೆ.

ಮಿಕ್ಸರ್:
ಮುಖ ಮಸುಕು ಮಾಡಿ ಕೈತೊಳ್ಕೊಳ್ಳೋರೇ ಜಾಸ್ತಿ. ಊರವರು ದನಿಯಲ್ಲೇ ಗುರುತು ಹಿಡೀತಾರೆ. ಹಚ್ಚೆ, ಬೈಕ್ ನಂಬರ್, ಪಕ್ಕದವರು ಹೆಸರು ಹಿಡಿದು ಕೂಗೋದು, ಇವೆಲ್ಲ ನೋಡಿ. ದನಿಯ ಪಿಚ್ ಇಳಿಸಿದರೂ ಮಾತಿನ ಧಾಟಿ ಉಳಿಯುತ್ತೆ. ಬೇರೆಯವರ ಕೈಲಿ ಆ ಮಾತನ್ನ ಓದಿಸೋದೇ ವಾಸಿ.

ಇನ್ನೊಂದು: ಕಾಲರ್ ಮೈಕ್ ಸಿಕ್ಕಿಸೋ ಮುಂಚೆ ಒಪ್ಪಿಗೆ ತಗೊಳ್ಳಿ, ಸಂದರ್ಶನ ಮುಗಿದ ಕ್ಷಣ ಮೈಕ್ ಬಿಚ್ಚಿ. ಮೈಕ್ ಇರೋದು ಮರೆತು ಕೊಪ್ಪರಿಗೆ ಹತ್ರ ಹೋದವರು ಸಾಲದ್ದೋ ಯಜಮಾನರದ್ದೋ ಮಾತಾಡ್ತಾರೆ, ಅದು ನಿಮ್ಮ ಕಾರ್ಡಲ್ಲಿ ಬಂದು ಕೂತಿರುತ್ತೆ. ಪತ್ರ ಅದಕ್ಕೆ ಅನ್ವಯಿಸಲ್ಲ. ಅಷ್ಟು ಭಾಗ ಅವತ್ತು ರಾತ್ರಿಯೇ ಅಳಿಸಿ, ಎಡಿಟರ್ ಕೈಗೂ ಕೊಡಬೇಡಿ.