ಸಿಮೆಂಟ್ ಬ್ಲಾಕ್‌ನಲ್ಲಿ ಮನೆಯ ಈಜುಕೊಳ ಕಟ್ಟಬಹುದಾ? ಸಿವಿಲ್ ಎಂಜಿನಿಯರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ಪುತ್ತೂರು ಕಡೆಯ ಸದಸ್ಯರು):

ನಮಸ್ಕಾರ ಸರ್. ನಮ್ಮದು ಪುತ್ತೂರು ಹತ್ತಿರ ಅಡಿಕೆ ತೋಟದ ಮನೆ. ಬೇಸಿಗೆ ರಜೆಗೆ ಅಕ್ಕ ತಂಗಿಯರ ಮಕ್ಕಳೆಲ್ಲ ಇಲ್ಲಿಗೇ ಬರುತ್ತಾರೆ. ಅವರಿಗೆ ಒಂದು ಸಣ್ಣ ಈಜುಕೊಳ ಮಾಡಿಸೋಣ ಅಂತ ಇದ್ದೇವೆ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ಆಳ. ಪೂರ್ತಿ ಆರ್‌ಸಿಸಿ (ಕಂಬಿ ಹಾಕಿದ ಕಾಂಕ್ರೀಟ್) ಗೋಡೆಗೆ ಹೇಳಿದ ರೇಟು ನಮಗೆ ಜಾಸ್ತಿಯಾಯಿತು. ಮನೆ ಕಟ್ಟಿದ ಮೇಸ್ತ್ರಿ "6 ಇಂಚಿನ ಸಾಲಿಡ್ ಬ್ಲಾಕ್ ಇಟ್ಟು, ಒಳಗಿನಿಂದ ವಾಟರ್‌ಪ್ರೂಫ್ ಪೌಡರ್ ಹಾಕಿ ಸಾರಣೆ ಮಾಡಿದರೆ ಸಾಕು, ತೋಟದ ಟ್ಯಾಂಕಿಗೂ ಹಾಗೇ ಮಾಡಿದ್ದಲ್ವಾ" ಅನ್ನುತ್ತಾರೆ. ಜಾಗ ಗುಡ್ಡದ ಬುಡದಲ್ಲಿದೆ, ಕೊಳ ಪೂರ್ತಿ ನೆಲದೊಳಗೆ ಬರುತ್ತದೆ. ಬ್ಲಾಕ್ ನಂಬಬಹುದಾ?

ಉತ್ತರ (ಎಂಜಿನಿಯರ್):

ಬ್ಲಾಕ್‌ನಲ್ಲಿ ಕಟ್ಟಬಹುದು. ಆದರೆ ನಿಮ್ಮ ಮೇಸ್ತ್ರಿ ಹೇಳಿದ ಹಾಗೆ ಖಂಡಿತ ಬೇಡ.

ಮೊದಲು ಗೋಡೆಯ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ನೋಡೋಣ. 4 ಅಡಿ ನೀರು ನಿಂತರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 700 ಕೆಜಿ ಬಲ ಅಡ್ಡಡ್ಡ ತಳ್ಳುತ್ತದೆ. ಅದನ್ನೇ 5 ಅಡಿ ಮಾಡಿದರೆ ಬುಡದಲ್ಲಿ ಗೋಡೆಯನ್ನು ಬಗ್ಗಿಸುವ ಬಲ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಯಾಕೆಂದರೆ ಅದು ಆಳದ ಘನಕ್ಕೆ ತಕ್ಕಂತೆ ಏರುತ್ತದೆ. "ಇನ್ನೊಂದು ಅಡಿ ತಾನೇ" ಅಂತ ಕೊನೆಗಳಿಗೆಯಲ್ಲಿ ಆಳ ಹೆಚ್ಚಿಸಬೇಡಿ. ಸಾಲಿಡ್ ಬ್ಲಾಕ್ ಗೋಡೆ ಮೇಲಿನ ಭಾರವನ್ನು ಚೆನ್ನಾಗಿ ಹೊರುತ್ತದೆ, ಮನೆಗೆ ಅದೇ ಬೇಕಾದ್ದು. ಅಡ್ಡ ತಳ್ಳಿದರೆ ಮಾತ್ರ ಬ್ಲಾಕಿನ ಎರಡು ವರಸೆಯ (ಸಾಲಿನ) ಮಧ್ಯದ ಗಾರೆ ಬಾಯಿ ಬಿಡುತ್ತದೆ. ಸಾರಣೆ ಎಷ್ಟೇ ದಪ್ಪ ಇರಲಿ, ಗೋಡೆ ಒಂದು ಕೂದಲೆಳೆಯಷ್ಟು ಬಿರಿದರೂ ಅದರ ಜೊತೆ ಅದೂ ಬಿರಿಯುತ್ತದೆ.

ಹಾಗಾಗಿ 8 ಇಂಚಿನ ಹಾಲೋ ಬ್ಲಾಕ್ ತೆಗೆದುಕೊಳ್ಳಿ, 16 ಇಂಚು ಉದ್ದ, 8 ಇಂಚು ಎತ್ತರದ್ದು. ಅದರ ಎರಡು ತೂತು ನಮಗೆ ಬೇಕು. ಪ್ರತಿ ತೂತಿನಲ್ಲೂ 10 ಎಂಎಂ ಕಂಬಿ ನಿಲ್ಲಿಸಿ, ತೂತು ತುಂಬ ಕಾಂಕ್ರೀಟ್ ಹಾಕಬೇಕು. ಆಗ ಬ್ಲಾಕ್ ಬರೀ ಕಾಂಕ್ರೀಟ್ ಗಟ್ಟಿಯಾಗುವವರೆಗೆ ಹಿಡಿದಿಡುವ ಸೆಂಟ್ರಿಂಗ್ ಹಲಗೆಯ ಕೆಲಸ ಮಾಡುತ್ತದೆ, ಹಲಗೆ ಬಿಚ್ಚುವ ಕೆಲಸ ಇಲ್ಲ ಅಷ್ಟೇ. ನೀರನ್ನು ತಡೆಯುವುದು ಒಳಗಿನ ಕಂಬಿ ಮತ್ತು ಕಾಂಕ್ರೀಟು. ನಿಮಗೆ ಉಳಿಯುವ ದುಡ್ಡೂ ಅಲ್ಲೇ, ಸೆಂಟ್ರಿಂಗ್ ಖರ್ಚಿನಲ್ಲಿ. ಕಂಬಿಯಲ್ಲಿ ಉಳಿಸಲು ಹೋಗಬೇಡಿ.

ಕಂಬಿ ತೂತಿನ ನಡುವೆಯೇ ನಿಲ್ಲಬೇಕು, ಒಂದು ಪಕ್ಕಕ್ಕೆ ವಾಲಬಾರದು. ಕೊಳ ತುಂಬಿದಾಗ ನೀರು ಒಳಗಿನಿಂದ ತಳ್ಳುತ್ತದೆ, ಖಾಲಿ ಇದ್ದಾಗ ಹೊರಗಿನ ಮಣ್ಣು ತಳ್ಳುತ್ತದೆ, ಎರಡಕ್ಕೂ ಅದೇ ಒಂದು ಕಂಬಿ ಉತ್ತರ ಕೊಡಬೇಕು. ಈ ಕಂಬಿಗಳು ತಳದ ರಾಫ್ಟ್‌ನಿಂದಲೇ (ತಳಕ್ಕೆ ಹಾಕುವ ಆರ್‌ಸಿಸಿ ಚಪ್ಪಡಿ) ಎದ್ದು ಬರಲಿ. ಅಂದರೆ ರಾಫ್ಟ್ ಕಾಂಕ್ರೀಟ್ ಹಾಕುವ ಮುಂಚೆಯೇ ಬಗ್ಗಿಸಿ ಕಟ್ಟಿ ಪೂರ್ತಿ 4 ಅಡಿ ಎತ್ತರಕ್ಕೆ ನಿಲ್ಲಿಸಿಬಿಡಿ. ಅಷ್ಟು ಎತ್ತರ ಅಂದರೆ ಬ್ಲಾಕನ್ನು ಮೇಲಿನಿಂದ ಕಂಬಿಯೊಳಗೆ ಇಳಿಸುವುದು ಕಷ್ಟವಲ್ಲ. ಕೆಲಸದವರು ಗೊಣಗುತ್ತಾರೆ, "ಅರ್ಧಕ್ಕೆ ಬಿಟ್ಟು ಆಮೇಲೆ ಜೋಡಿಸೋಣ" ಅನ್ನುತ್ತಾರೆ. ಒಪ್ಪಬೇಡಿ. ಹೆಚ್ಚು ಬಲ ಬೀಳುವ ಬುಡದಲ್ಲೇ ಜೋಡಣೆ ಬರಬಾರದು.

ತಳಕ್ಕೆ ಮೊದಲು 4 ಇಂಚು ಪಿಸಿಸಿ (ಕಂಬಿ ಇಲ್ಲದ ಕಾಂಕ್ರೀಟ್), ಅದರ ಮೇಲೆ 6 ಇಂಚು ರಾಫ್ಟ್, ಮೇಲೊಂದು ಕೆಳಗೊಂದು ಎರಡು ಜಾಲರಿ ಕಂಬಿ. ನೀರು ನಿಲ್ಲುವ ಕಟ್ಟಡಕ್ಕೆ ನಮ್ಮ ಐಎಸ್ 3370 ನಿಯಮದ ಪ್ರಕಾರ ಆರ್‌ಸಿಸಿ ಕನಿಷ್ಠ ಎಂ30 ದರ್ಜೆಯದ್ದು ಬೇಕು. ಮನೆಯ ಸ್ಲ್ಯಾಬಿಗೆ ಹಾಕುವ ಎಂ20 ಇಲ್ಲಿ ಸಾಲದು. ರಾಫ್ಟನ್ನು ಒಂದೇ ದಿನ, ನಡುವೆ ನಿಲ್ಲಿಸದೆ ಹಾಕಿ ಮುಗಿಸಿ. ಗೋಡೆ ಕೂರುವ ಜಾಗವನ್ನು ಒರಟು ಮಾಡಿ, ನೀರು ತಾಗಿದರೆ ಉಬ್ಬುವ ರಬ್ಬರ್ ಪಟ್ಟಿಯನ್ನು ಸುತ್ತಲೂ ಇಡಿ. ನಾನು ಸೋರಿಕೆ ನೋಡಲು ಹೋದ ಕೊಳಗಳಲ್ಲಿ ಹೆಚ್ಚಿನವು ಸೋರುತ್ತಿದ್ದದ್ದು ಈ ಜಾಗದಲ್ಲಿ, ಇಲ್ಲದಿದ್ದರೆ ಪೈಪ್ ಗೋಡೆ ದಾಟುವ ಜಾಗದಲ್ಲಿ.

4 ಅಡಿಗೆ 6 ವರಸೆ ಬರುತ್ತದೆ. ಮೂರು ವರಸೆಗೊಮ್ಮೆ ನಿಲ್ಲಿಸಿ ತೂತು ತುಂಬಿ. ಬೇಬಿ ಜಲ್ಲಿ ಹಾಕಿದ ಸ್ವಲ್ಪ ತೆಳು ಕಾಂಕ್ರೀಟ್ ಇರಲಿ, ಕಂಬಿಯಿಂದ ಚುಚ್ಚಿ ಚುಚ್ಚಿ ಕೂರಿಸಿ. ಆರೂ ವರಸೆ ಕಟ್ಟಿ ಮೇಲಿನಿಂದ ಒಮ್ಮೆಗೇ ಸುರಿದರೆ ಮಧ್ಯದಲ್ಲಿ ಎಲ್ಲೋ ಪೊಳ್ಳು ಉಳಿಯುತ್ತದೆ, ಹೊರಗಿನಿಂದ ಕಾಣುವುದೂ ಇಲ್ಲ. ಅಡ್ಡ ಕಂಬಿ ಒಂದು ವರಸೆ ಬಿಟ್ಟು ಒಂದು ವರಸೆಗೆ, ಎರಡೆರಡು. ಕೊನೆಯ ವರಸೆ ಪೂರ್ತಿ ಬೆಲ್ಟ್ ಆಗಿ ಸುತ್ತಲೂ ಒಂದಾಗಬೇಕು, ಮೂಲೆಯಲ್ಲಿ ಕಂಬಿ ಬಗ್ಗಿ ತಿರುಗಬೇಕು. ಕನಿಷ್ಠ 10 ದಿನ, ಸಾಧ್ಯವಾದರೆ 14 ದಿನ ಕ್ಯೂರಿಂಗ್ (ನೀರು ಹಾಕಿ ಒದ್ದೆಯಾಗಿಡುವುದು).

ಲೆಕ್ಕಕ್ಕೆ: ಬ್ಲಾಕ್ ಸುಮಾರು 285 ಬೇಕು, ಒಡೆಯುವುದೂ ಸೇರಿಸಿ 300 ತರಿಸಿ. ಕಂಬಿ ಅರ್ಧ ಟನ್‌ಗಿಂತ ಸ್ವಲ್ಪ ಜಾಸ್ತಿ. ಇದು 4 ಅಡಿಗೆ ಮಾತ್ರ. 5 ಅಡಿ ದಾಟಿದರೆ ಬ್ಲಾಕ್ ಆಸೆ ಬಿಟ್ಟು ಆರ್‌ಸಿಸಿ ಗೋಡೆಗೇ ಹೋಗಿ. 4 ಅಡಿಗೂ ನಿಮ್ಮೂರಿನ ಒಬ್ಬ ಎಂಜಿನಿಯರ್ ಮಣ್ಣು ನೋಡಿ ಕಂಬಿಯ ನಕ್ಷೆ ಮಾಡಿಕೊಡಲಿ.

ಈಗ ನಾನು ಕೇಳಬೇಕಾದ ಪ್ರಶ್ನೆ. ಗುಡ್ಡದ ಬುಡ ಅಂದಿರಿ. ಹತ್ತಿರ ಬಾವಿ ಇದೆಯಾ? ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಅದರ ನೀರು ಎಲ್ಲಿಯವರೆಗೆ ಬರುತ್ತದೆ?

ಪುತ್ತೂರು ಸದಸ್ಯರು:

ಬಾವಿ 40 ಅಡಿ ದೂರದಲ್ಲಿದೆ ಸರ್. ಬೇಸಿಗೆಯಲ್ಲಿ ತಳ ಕಾಣುತ್ತದೆ, ಆಟಿಯಲ್ಲಿ ಕೈಯಲ್ಲೇ ನೀರು ಮೊಗೆಯಬಹುದು. ಆದರೆ ಕೊಳಕ್ಕೂ ಬಾವಿಗೂ ಏನು ಸಂಬಂಧ?

ಉತ್ತರ:

ತುಂಬಾ ಸಂಬಂಧ ಇದೆ. ದಯವಿಟ್ಟು ಇದನ್ನು ಎರಡು ಸಲ ಓದಿ.

ಬಾವಿಯಲ್ಲಿ ನೀರು ಎಷ್ಟು ಮೇಲಿದೆಯೋ ಸುತ್ತಲಿನ ಮಣ್ಣಿನೊಳಗೂ ಹೆಚ್ಚುಕಡಿಮೆ ಅಷ್ಟೇ ಮೇಲಿರುತ್ತದೆ. ಅಂದರೆ ಆಟಿಯಲ್ಲಿ ನಿಮ್ಮ ಕೊಳ ನೀರಿನಲ್ಲಿ ಇಟ್ಟ ದೋಣಿಯ ಹಾಗೆ. ಲೆಕ್ಕ ಹಾಕಿ ನೋಡಿ: ರಾಫ್ಟು, ಗೋಡೆ, ಸಾರಣೆ, ಟೈಲ್ಸ್ ಎಲ್ಲ ಸೇರಿ ಖಾಲಿ ಕೊಳದ ತೂಕ 21-22 ಟನ್. ತಳದಿಂದ ಮೇಲಕ್ಕೆ ಹೊರಗಿನ ನೀರು ಏರಿದ ಪ್ರತಿ ಅಡಿಗೂ ಅದು ಸುಮಾರು 7 ಟನ್ ಬಲದಿಂದ ಕೊಳವನ್ನು ಎತ್ತುತ್ತದೆ. ಮೂರು ಅಡಿ ಏರಿದರೆ ಎರಡೂ ಸಮ ಸಮ. ಅದರ ಮೇಲೆ ಏರಿದರೆ ಕೊಳ ಜಾಗ ಬಿಟ್ಟು ಏಳುತ್ತದೆ, ಇಲ್ಲವೇ ತಳದ ಕಾಂಕ್ರೀಟ್ ನಡುವೆ ಉಬ್ಬಿ ಒಡೆಯುತ್ತದೆ. ಒಳಗೆ ನೀರು ತುಂಬಿದ್ದರೆ ಇನ್ನೂ 22 ಟನ್ ತೂಗುವ ಆ ನೀರೇ ಅದನ್ನು ಒತ್ತಿ ಹಿಡಿಯುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಕೊಳದ ಉಸ್ತುವಾರಿ ನನ್ನದಿತ್ತು. ಜುಲೈನಲ್ಲಿ ನೀರು ಪಾಚಿ ಕಟ್ಟಿ ಹಸಿರಾಯಿತು, ಖಾಲಿ ಮಾಡಿ ತೊಳೆಯಲು ಮನೆಯವರು ಕೇಳಿದರು, ನಾನೇ ಆಯಿತು ಅಂದೆ. ಎರಡನೇ ದಿನ ಬೆಳಿಗ್ಗೆ ಹೋಗಿ ನೋಡಿದರೆ ಒಂದು ಮೂಲೆ ಅರ್ಧ ಅಡಿ ಮೇಲೆದ್ದಿತ್ತು. ಪೈಪುಗಳೆಲ್ಲ ತುಂಡಾಗಿದ್ದವು. ಗೋಡೆಯಲ್ಲಿ ದೋಷ ಇರಲಿಲ್ಲ, ವಾಟರ್‌ಪ್ರೂಫಿಂಗ್ ಚೆನ್ನಾಗಿಯೇ ಇತ್ತು. ಹೊರಗಿನ ನೀರಿನ ಬಗ್ಗೆ ನಾನು ಯೋಚನೆಯನ್ನೇ ಮಾಡಿರಲಿಲ್ಲ. ಆ ಮನೆಯವರ ಮುಖ ಇವತ್ತಿಗೂ ನೆನಪಿದೆ. ಆಮೇಲಿಂದ ಯಾರೇ ಕೊಳದ ಬಗ್ಗೆ ಕೇಳಿದರೂ ನಾನು ಮೊದಲು ಕೇಳುವುದು ಬಾವಿಯ ಬಗ್ಗೆ.

ನಿಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಹತ್ತಿರ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಮೂರು ಕೆಲಸ ಮಾಡಿ. ಪಿಸಿಸಿ ಕೆಳಗೆ 6 ಇಂಚು ದಪ್ಪ 40 ಎಂಎಂ ಜಲ್ಲಿ ಹಾಸಿ, ಸುತ್ತಲೂ ತೂತು ಇರುವ 4 ಇಂಚಿನ ಪೈಪ್ ಇಟ್ಟು ಅದನ್ನು ತೋಟದ ಕೆಳಗಿನ ತಟ್ಟಿನಲ್ಲಿ ಬಯಲಿಗೆ ಬಿಡಿ. ನಿಮ್ಮ ಜಾಗ ಇಳಿಜಾರು ಇರುವುದು ಇಲ್ಲಿ ಅನುಕೂಲ, ಪಂಪ್ ಬೇಡ, ನೀರು ತಾನೇ ಇಳಿದು ಹೋಗುತ್ತದೆ. ಪೈಪಿನ ಬಾಯಿಗೆ ಜಾಲರಿ ಹಾಕಿ, ಏಡಿ ಇಲಿ ಹೊಕ್ಕರೆ ಕಟ್ಟಿಕೊಳ್ಳುತ್ತದೆ. ಎರಡನೆಯದು, ತಳದಲ್ಲಿ ಹೊರಗಿನ ಒತ್ತಡ ಜಾಸ್ತಿಯಾದರೆ ತಾನೇ ತೆರೆದು ನೀರನ್ನು ಒಳಗೆ ಬಿಡುವ ವಾಲ್ವ್ ಸಿಗುತ್ತದೆ, ಒಂದು ಹಾಕಿಸಿ. ಮೂರನೆಯದಕ್ಕೆ ಖರ್ಚೇ ಇಲ್ಲ: ಮಳೆಗಾಲದಲ್ಲಿ ಯಾವ ಕಾರಣಕ್ಕೂ ಕೊಳ ಖಾಲಿ ಮಾಡಬೇಡಿ. ಪಾಚಿ ಬಂದರೆ ಬರಲಿ.

ಇದರ ಜೊತೆ ಸಾಧ್ಯವಾದರೆ ಕೊಳವನ್ನು ಪೂರ್ತಿ ನೆಲದೊಳಗೆ ಇಳಿಸದೆ ಎರಡು ಅಡಿ ಮೇಲಕ್ಕೇ ಬಿಡಿ. ಎತ್ತುವ ಬಲವೂ ಕಡಿಮೆ, ಗುಡ್ಡದ ಕೆಸರು ನೀರು ಒಳಗೆ ನುಗ್ಗುವುದೂ ಇಲ್ಲ, ಅಗೆಯುವ ಖರ್ಚೂ ಉಳಿಯಿತು. ಮೇಲಿನ ಬರೆಯಿಂದ (ಗುಡ್ಡದ ಕಡಿದಾದ ಬದಿ) ಬರುವ ನೀರಿಗೆ ಬೇರೆ ಕಣಿ ತೋಡಿ ಪಕ್ಕಕ್ಕೆ ತಿರುಗಿಸಿ. ಬರೆಯ ಬುಡ ಕಡಿದು ಜಾಗ ಮಾಡಲು ಮಾತ್ರ ಹೋಗಬೇಡಿ, ಮಳೆಗೆ ಜರಿಯುತ್ತದೆ.

ಬೆಳ್ತಂಗಡಿ ಸದಸ್ಯರು: ನಮ್ಮಲ್ಲಿ ಕೆಂಪುಕಲ್ಲು ಬೇಕಾದಷ್ಟು ಇದೆ ಸರ್, ಅದರಲ್ಲೇ ಕಟ್ಟಬಹುದಾ?

ಉತ್ತರ: ಬೇಡ. ಕೆಂಪುಕಲ್ಲಿನ ಮೈ ತುಂಬ ತೂತು, ನೀರು ಕುಡಿಯುತ್ತದೆ, ಕಂಬಿ ಇಳಿಸಲು ಜಾಗವೂ ಇಲ್ಲ. ಕೊಳದ ಹೊರಮೈಗೆ ಅಂದಕ್ಕೆ ಹಚ್ಚಿಕೊಳ್ಳಿ, ಚೆನ್ನಾಗಿ ಕಾಣುತ್ತದೆ.

ಬೆಂಗಳೂರು ಸದಸ್ಯರು: ಸರ್, ನಮ್ಮದು ಕನಕಪುರ ರಸ್ತೆ ಕಡೆ 30-40 ಸೈಟ್. ಕೆಳಗೆ ಜಾಗ ಇಲ್ಲ, ತಾರಸಿ ಮೇಲೆ ಬ್ಲಾಕ್ ಇಟ್ಟು 4 ಅಡಿ ಕೊಳ ಮಾಡಬಹುದಾ? ಮನೆ ಕಟ್ಟಿ ಆರು ವರ್ಷ ಆಯಿತು.

ಉತ್ತರ: ಮಾಡಲೇಬೇಡಿ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕೆಜಿ ಹೊರುವಂತೆ ಲೆಕ್ಕ ಹಾಕುತ್ತೇವೆ. 4 ಅಡಿ ನೀರೇ ಚದರ ಮೀಟರಿಗೆ 1,200 ಕೆಜಿ, ಬ್ಲಾಕಿನ ತೂಕ ಬೇರೆ. ಎಂಟು ಪಟ್ಟು ಭಾರವನ್ನು ಕೆಳಗೆ ಮಲಗಿರುವವರ ತಲೆ ಮೇಲೆ ಇಟ್ಟಂತಾಗುತ್ತದೆ. ತಾರಸಿಯ ಕೊಳಕ್ಕೆ ಪಾಯದಿಂದಲೇ ಕಂಬ, ಬೀಮ್ ಎಲ್ಲವನ್ನೂ ಅದಕ್ಕೆ ತಕ್ಕಂತೆ ಲೆಕ್ಕ ಹಾಕಿರಬೇಕು. ಇನ್ನೊಂದು ವಿಷಯ, ನೀರು ಎಲ್ಲಿಂದ ತರುತ್ತೀರಿ ಅಂತಲೂ ಯೋಚಿಸಿ. 2024ರ ಬೇಸಿಗೆಯಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಈಜುಕೊಳಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕುತ್ತೇವೆ ಅಂದಿತ್ತು. ಅಂಥ ಬೇಸಿಗೆ ಮತ್ತೆ ಬರಬಹುದು.

ಹಾಸನ ಸದಸ್ಯೆ: ನಮ್ಮ ಕೊಳ ಕಟ್ಟಿ ಎರಡು ವರ್ಷ. ದಿನಾ ನೀರು ಇಳಿಯುತ್ತಿದೆ. ಬಿಸಿಲಿಗೆ ಆರುವುದು ಅಂತ ಯಜಮಾನರು, ಸೋರಿಕೆ ಅಂತ ನಾನು. ಹೇಗೆ ಗೊತ್ತಾಗುತ್ತದೆ?

ಉತ್ತರ: ಒಂದು ಬಕೆಟ್ ಸಾಕು ಮೇಡಂ. ಕೊಳದ್ದೇ ನೀರು ತುಂಬಿ, ಕೊಳದ ಮೆಟ್ಟಿಲ ಮೇಲೆ ಅರ್ಧ ಮುಳುಗುವಂತೆ ಇಡಿ. ಬಕೆಟ್ ಒಳಗಿನ ನೀರಿಗೊಂದು, ಹೊರಗೆ ಕೊಳದ ನೀರಿಗೊಂದು ಗುರುತು ಹಾಕಿ. 24 ಗಂಟೆ ಯಾರೂ ಇಳಿಯಬಾರದು. ಎರಡೂ ಒಂದೇ ಸಮ ಇಳಿದರೆ ಅದು ಬಿಸಿಲು. ಕೊಳದ್ದು ಜಾಸ್ತಿ ಇಳಿದರೆ ಸೋರಿಕೆ. ಆಮೇಲೆ ಪಂಪ್ ಓಡಿಸಿ ಒಂದು ದಿನ, ನಿಲ್ಲಿಸಿ ಒಂದು ದಿನ ನೋಡಿ. ಓಡುವಾಗ ಮಾತ್ರ ಜಾಸ್ತಿ ಇಳಿದರೆ ಪೈಪಿನಲ್ಲಿದೆ, ಗೋಡೆ ಅಗೆಸಬೇಡಿ. ನೀರು ಒಂದು ಮಟ್ಟಕ್ಕೆ ಬಂದು ನಿಂತರೆ ಆ ಮಟ್ಟದ ಸುತ್ತಲೇ ಹುಡುಕಿ, ಲೈಟ್ ಕೂರಿಸಿದ ಜಾಗವನ್ನು ಮೊದಲು.

ಪುತ್ತೂರು ಸದಸ್ಯರು: ಸರ್, ಇನ್ನೆರಡು ಪ್ರಶ್ನೆ. ಟೈಲ್ಸ್ ಮುಂಚೆ ಏನೇನು ಮಾಡಬೇಕು? ಮತ್ತೆ ಚಿಕ್ಕ ಮಕ್ಕಳು ಇದ್ದಾರೆ, ಏನು ಜಾಗ್ರತೆ?

ಉತ್ತರ:

ಮಣ್ಣು ತುಂಬುವ ಮುಂಚೆ ಒಂದು ವಾರ ನೀರು ನಿಲ್ಲಿಸಿ ಪರೀಕ್ಷೆ ಮಾಡಿ. ಹೊರಮೈ ತೆರೆದಿರುವಾಗ ಒಂದು ತೇವದ ಚುಕ್ಕೆಯೂ ಕಾಣುತ್ತದೆ, ಮಣ್ಣು ಬಿದ್ದ ಮೇಲೆ ಏನೂ ಕಾಣುವುದಿಲ್ಲ. ಸಾರಣೆ ಮಾಡುವಾಗ ಗೋಡೆ ತಳ ಸೇರುವ ಮೂಲೆಯನ್ನು ಗುಂಡಗೆ ತಿರುಗಿಸಿ. ಅದರ ಮೇಲೆ ಪುಡಿ ಮತ್ತು ದ್ರವ ಎರಡನ್ನೂ ಕಲಸಿ ಹಚ್ಚುವ ಪಾಲಿಮರ್ ಕೋಟಿಂಗ್ ಎರಡು ಸಲ, ಮೂಲೆಗಳಿಗೆ ಫೈಬರ್ ಬಲೆ ಸೇರಿಸಿ. ಟೈಲ್ಸ್ ಅಂಟಿಸಲು ಟೈಲ್ ಅಡ್ಹೆಸಿವ್, ಸಂದಿಗೆ ಎಪಾಕ್ಸಿ. ಬಿಳಿ ಸಿಮೆಂಟ್ ಕ್ಲೋರಿನ್ ನೀರಿನಲ್ಲಿ ಉಳಿಯುವುದಿಲ್ಲ.

ಮಕ್ಕಳ ವಿಷಯದಲ್ಲಿ ಉಳಿತಾಯ ಬೇಡ. ಸುತ್ತಲೂ 4 ಅಡಿ ಬೇಲಿ, ತಾನೇ ಮುಚ್ಚಿಕೊಳ್ಳುವ ಗೇಟು. ತಳದಲ್ಲಿ ಪಂಪ್ ನೀರೆಳೆಯುವ ಬಾಯಿ ಒಂದೇ ಇರಬಾರದು. ಎರಡು ಇಟ್ಟು ದೂರ ದೂರ ಜೋಡಿಸಿ, ಒಂದರ ಮೇಲೆ ಮಗು ಕೂತರೂ ನೀರು ಇನ್ನೊಂದರಿಂದ ಬರುತ್ತದೆ, ಮಗು ಸಿಕ್ಕಿಕೊಳ್ಳುವುದಿಲ್ಲ. ನೀರೊಳಗಿನ ಲೈಟ್ 12 ವೋಲ್ಟಿನದೇ ಆಗಬೇಕು, ಪಂಪ್ ಲೈನಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿಯುವ ಸ್ವಿಚ್) ಮತ್ತು ಸರಿಯಾದ ಅರ್ತಿಂಗ್. ಕ್ಲೋರಿನ್ 1ರಿಂದ 3 ಪಿಪಿಎಂ, ಪಿಎಚ್ 7.2ರಿಂದ 7.6ರ ಒಳಗೆ ಇರಲಿ. ಬಣ್ಣ ನೋಡಿ ಹೇಳುವ ಸಣ್ಣ ಕಿಟ್ ಸಿಗುತ್ತದೆ.

ದೀಪಾವಳಿ ಕಳೆದು ಮಳೆ ಪೂರ್ತಿ ನಿಂತ ಮೇಲೆ ಅಗೆಯಲು ಶುರು ಮಾಡಿ, ಏಪ್ರಿಲ್ ರಜೆಗೆ ಸಿದ್ಧವಾಗುತ್ತದೆ.

ಪುತ್ತೂರು ಸದಸ್ಯರು: ಮೇಸ್ತ್ರಿಗೆ ಇದನ್ನೆಲ್ಲ ಓದಿ ಹೇಳಿದೆ ಸರ್. ಬಾವಿಯ ಮಾತು ಕೇಳಿ ಅವರೇ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಕೆಳಗಿನ ತಟ್ಟಿಗೆ ಪೈಪ್ ಹೋಗುವ ದಾರಿಯನ್ನು ಅವರೇ ಅಳೆದು ನೋಡಿದರು, 60 ಅಡಿ ಬಂತು. ಕೊಳವನ್ನು ಎರಡು ಅಡಿ ಮೇಲೆ ಎತ್ತಲು ಒಪ್ಪಿದ್ದಾರೆ.

ಉತ್ತರ: ಒಳ್ಳೆಯದು. ಪೈಪಿಗೆ 10 ಅಡಿಗೆ ಒಂದು ಇಂಚಿನಷ್ಟಾದರೂ ಇಳಿಜಾರು ಕೊಡಿ. ರಾಫ್ಟ್ ಕಂಬಿ ಕಟ್ಟಿ ಮುಗಿದ ದಿನ ಇಲ್ಲಿ ಫೋಟೋ ಹಾಕಿ, ನಾಲ್ಕೂ ಮೂಲೆಯದ್ದು ಹತ್ತಿರದಿಂದ. ನಾನು ನೋಡಿ ಹೇಳುವವರೆಗೆ ಕಾಂಕ್ರೀಟ್ ಹಾಕಬೇಡಿ.