ಓಲ್ಡ್ ಸ್ಕೂಲ್ ರೂನ್‌ಸ್ಕೇಪ್: ಮೀನುಗಾರಿಕೆಯಲ್ಲಿ ಹಣ ಬರುವುದು ಯಾವಾಗ?

ನೀರಿಗಿಳಿದವ:
ನಮಸ್ಕಾರ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದಲ್ಲಿ, ಲಂಬ್ರಿಡ್ಜ್ ಜೌಗಿನಲ್ಲಿ ಸಣ್ಣ ಬಲೆಯಿಂದ ಸಿಗಡಿ ಹಿಡಿಯುತ್ತ ಮೀನುಗಾರಿಕೆಯಲ್ಲಿ 20ನೇ ಲೆವೆಲ್ ಮುಟ್ಟಿದ್ದೇನೆ. ಹಿಡಿದದ್ದನ್ನೆಲ್ಲ ಬ್ಯಾಂಕಿಗೆ (ಆಟದಲ್ಲಿ ವಸ್ತುಗಳನ್ನು ಕೂಡಿಡುವ ಜಾಗ) ಹೊತ್ತು, ಆಟಗಾರರ ಮಾರುಕಟ್ಟೆಯಾದ ಗ್ರ್ಯಾಂಡ್ ಎಕ್ಸ್‌ಚೇಂಜಿನಲ್ಲಿ ಮಾರಿದರೂ ಕೈಗೆ ಬರುವ ನಾಣ್ಯಗಳು ಲೆಕ್ಕಕ್ಕೇ ಸಿಗುವುದಿಲ್ಲ. ನಿಜವಾದ ಲಾಭ ಯಾವ ಮೀನಿನಿಂದ ಆರಂಭವಾಗುತ್ತದೆ, ಅಲ್ಲಿಯವರೆಗೆ ಯಾವ ದಾರಿಯಲ್ಲಿ ಸಾಗಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಹಳೇಗಾಳ:
ಮೊದಲು ಬ್ಯಾಂಕಿಗೆ ಹೋಗುವುದನ್ನು ನಿಲ್ಲಿಸಿ. ಬಾರ್ಬೇರಿಯನ್ ವಿಲೇಜ್ ಪಕ್ಕದ ನದಿಯಲ್ಲಿ ಫ್ಲೈ ಫಿಶಿಂಗ್ ರಾಡ್ ಮತ್ತು ಗರಿಗಳನ್ನು ಬಳಸಿ 20ರಿಂದ ಟ್ರೌಟ್, 30ರಿಂದ ಸಾಲ್ಮನ್ ಹಿಡಿಯಬಹುದು. ಒಂದು ಟ್ರೌಟಿಗೆ 50, ಸಾಲ್ಮನ್‌ಗೆ 70 ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ದೊರೆಯುತ್ತದೆ. ಚೀಲದ 28 ಜಾಗಗಳು ತುಂಬಿದೊಡನೆ ಮೀನುಗಳನ್ನೆಲ್ಲ ಅಲ್ಲೇ ನೆಲಕ್ಕೆ ಸುರಿದು ಮತ್ತೆ ಗಾಳ ಹಾಕಬೇಕು. ಹಿಡಿದದ್ದನ್ನು ಚೆಲ್ಲುವುದು ಹೊಸಬರಿಗೆ ಸಂಕಟವೆನಿಸುತ್ತದೆ, ಆದರೆ ಈ ಹಂತದಲ್ಲಿ ಮೀನಿಗಿಂತ ನಿಮ್ಮ ಸಮಯದ ಬೆಲೆಯೇ ಹೆಚ್ಚು.

ಸಿಗಡಿಗೆ ಬೆಲೆಯಿಲ್ಲದಿರಲು ಕಾರಣವೂ ಸರಳ. ಈ ಆಟದಲ್ಲಿ ಮೀನನ್ನು ಕೊಳ್ಳುವವರು ಹೆಚ್ಚಾಗಿ ಕಾದಾಡುವವರು. ಹೊಡೆತ ತಿಂದಾಗ ಜೀವ ತುಂಬಿಕೊಳ್ಳಲು ಅವರಿಗೆ ಒಂದೊಂದು ತುತ್ತಿಗೂ ಹೆಚ್ಚು ಗುಣ ನೀಡುವ ಆಹಾರ ಬೇಕು. ಸಿಗಡಿ ಗುಣಪಡಿಸುವುದು 3 ಅಂಕ ಮಾತ್ರ, ಶಾರ್ಕ್ 20. ಅದರ ಮೇಲೆ, ಯಾರು ಬೇಕಾದರೂ ಹಿಡಿಯಬಹುದಾದ ಮೀನುಗಳನ್ನು ಬಾಟ್‌ಗಳೂ (ತಾವೇ ಆಡುವ ಪ್ರೋಗ್ರಾಂಗಳು) ರಾಶಿ ರಾಶಿಯಾಗಿ ಮಾರುಕಟ್ಟೆಗೆ ತಂದು ಸುರಿಯುತ್ತವೆ.

ಕಡಲಮಗಳು:
ಹಳೇಗಾಳ ಅವರ ಮಾತಿಗೆ ಒಂದು ತಿದ್ದುಪಡಿ. ಹಣ ಕೊಟ್ಟು ಪಡೆಯುವ ಸದಸ್ಯತ್ವವಿಲ್ಲದವರು 40ನೇ ಲೆವೆಲ್ ಆದ ಮೇಲೆ ಕರಮ್ಜಾ ದ್ವೀಪದಲ್ಲಿ ಲಾಬ್‌ಸ್ಟರ್ ಹಿಡಿದು ಮಾರುವುದರಲ್ಲಿ ತಪ್ಪೇನೂ ಇಲ್ಲ. ಪೋರ್ಟ್ ಸಾರಿಮ್‌ನಿಂದ ದೋಣಿಗೆ 30 ನಾಣ್ಯ ತೆತ್ತರಾಯಿತು. ಆದರೆ ಬೇಯಿಸಿ ಮಾರುವ ಆಸೆಯಿದ್ದರೆ, ವಿಶೇಷ ಕೈಗವಸುಗಳಿಲ್ಲದೆ ಲಾಬ್‌ಸ್ಟರ್ ಸೀಯುವುದು ನಿಲ್ಲಲು ಅಡುಗೆಯಲ್ಲಿ 74ನೇ ಲೆವೆಲ್ ಬೇಕೆಂಬುದು ನೆನಪಿರಲಿ. ಹಸಿ ಮತ್ತು ಬೆಂದ ಮೀನಿನ ದರಗಳನ್ನು ಅಂದಂದೇ ಹೋಲಿಸಿ ನೋಡಿ, ಕೆಲವೊಮ್ಮೆ ಹಸಿಯದಕ್ಕೇ ಹೆಚ್ಚು ಬೆಲೆ ಇರುತ್ತದೆ.

ನೀರಿಗಿಳಿದವ:
ಇಬ್ಬರಿಗೂ ಧನ್ಯವಾದಗಳು. ಸದಸ್ಯತ್ವ ತೆಗೆದುಕೊಂಡರೆ ಗುರಿ ಯಾವುದಿರಬೇಕು?

ಹಳೇಗಾಳ:
65ನೇ ಲೆವೆಲ್‌ನ ಕರಂಬ್ವಾನ್. ತೈ ಬ್ವೋ ವನ್ನೈ ಟ್ರಿಯೋ ಎಂಬ ಕ್ವೆಸ್ಟನ್ನು (ಆಟದೊಳಗಿನ ಕಥೆಯ ಕೆಲಸ) ಅಗತ್ಯವಿರುವಷ್ಟು ಮುಗಿಸಿ, ಕರಂಬ್ವಾಂಜಿ ಎಂಬ ಕಿರುಮೀನನ್ನು ಎರೆಯಾಗಿ ಬಳಸಿ ಇದನ್ನು ಹಿಡಿಯಬೇಕು. ಬೇರೊಂದು ಆಹಾರ ತಿಂದ ಕ್ಷಣದಲ್ಲೇ ಇದನ್ನೂ ನುಂಗಬಹುದಾದ್ದರಿಂದ ಬಾಸ್‌ಗಳೆಂಬ ದೊಡ್ಡ ಶತ್ರುಗಳೊಡನೆ ಸೆಣಸುವವರು ಇದನ್ನು ಬಿಡುವುದೇ ಇಲ್ಲ. ಹಿಡಿಯುವ ಜಾಗಕ್ಕೆ ಅಂಟಿಕೊಂಡೇ, ಕ್ಷಣದಲ್ಲಿ ಬೇರೆಡೆಗೆ ಸಾಗಿಸುವ ಫೇರಿ ರಿಂಗ್ ಇರುವುದರಿಂದ ಬ್ಯಾಂಕಿಗೆ ಓಡಾಡುವ ಶ್ರಮವೂ ಕಡಿಮೆ. ಎಕ್ಸ್‌ಪಿ ಮಾತ್ರ ಮೀನಿಗೆ 50 ಅಷ್ಟೇ, ಅಂದರೆ ಇದು ಸಂಪಾದನೆಯ ಜಾಗವೇ ಹೊರತು ಲೆವೆಲ್ ಏರಿಸುವ ಜಾಗವಲ್ಲ.

ಕಡಲಮಗಳು:
ನನ್ನ ಮತ 82ನೇ ಲೆವೆಲ್‌ನ ಮಿನೋ ಎಂಬ ಕಿರುಮೀನುಗಳಿಗೆ. ಆಂಗ್ಲರ್ ಎಂಬ ಮೀನುಗಾರ ಉಡುಪಿನ ನಾಲ್ಕೂ ಭಾಗಗಳನ್ನು ಮೊದಲೇ ಗಳಿಸಿರಬೇಕು, ಅದು ಬೇಸರ ತರಿಸುವ ಕೆಲಸ. ಆ ಬಳಿಕ ಫಿಶಿಂಗ್ ಗಿಲ್ಡ್‌ನಲ್ಲಿ ಹಿಡಿದ ಮಿನೋಗಳೆಲ್ಲ ಚೀಲದ ಒಂದೇ ಜಾಗದಲ್ಲಿ ಪೇರಿಕೊಳ್ಳುತ್ತವೆ. 40 ಮಿನೋಗಳಿಗೆ ಒಂದು ಹಸಿ ಶಾರ್ಕ್ ಬದಲಾಗಿ ಸಿಗುತ್ತದೆ. ಮೀನಿನ ಗುಂಪು ಆಗಾಗ್ಗೆ ಜಾಗ ಬದಲಿಸುತ್ತದೆ, ನಡುವೆ ಹಾರುಮೀನೊಂದು ಎಗರಿ ಬಂದು ನಿಮ್ಮ ರಾಶಿಗೇ ಬಾಯಿ ಹಾಕುತ್ತದೆ. ಅದು ಕಂಡ ತಕ್ಷಣ ಬೇರೆ ಗುಂಪಿಗೆ ಸರಿಯಿರಿ. ಮಾರುವಾಗ ಗ್ರ್ಯಾಂಡ್ ಎಕ್ಸ್‌ಚೇಂಜ್ ಶೇ 2ರಷ್ಟು ತೆರಿಗೆ ಮುರಿದುಕೊಳ್ಳುವುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.